ನೆರಿಯದ ಹುಡುಗಿಯ ಹನ್ನೆರಡು ಪುಟಗಳು

ಪ್ರೌಢಶಾಲೆಗಳಲ್ಲಿ ‘ಯೋಜನಾ ಕಾರ್ಯ’ ಎಂಬ ಹೆಸರಿನಲ್ಲಿ ಮಕ್ಕಳು ಬರೆದುಕೊಡುವ ಬರಹಗಳನ್ನು ಸಾಹಿತ್ಯದ ಅಭ್ಯಾಸಿಗಳು ಗಣನೆಗೆ ತೆಗೆದುಕೊಳ್ಳುವುದು ಅಪರೂಪ. ಅದಕ್ಕೆ ಕಾರಣವೂ ಇದೆ. ರೂಪಣಾತ್ಮಕ ಮೌಲ್ಯಮಾಪನದ ಅಂಕಗಳಿಗಾಗಿ ಸಿದ್ಧವಾಗುವ ಇಂಥ ಬರಹಗಳಲ್ಲಿ ಹೆಚ್ಚಿನವು ಪೇಟೆಯ ಝೆರಾಕ್ಸ್ ಅಂಗಡಿಯಲ್ಲಿ ಹುಟ್ಟಿ, ಬಣ್ಣದ ಹಾಳೆಯ ಹೊದಿಕೆ ತೊಟ್ಟು, ಅಧ್ಯಾಪಕರ ಸಹಿ ಪಡೆದು, ಶಾಲೆಯ ಕಪಾಟಿನಲ್ಲಿ ಧೂಳು ಹಿಡಿಯುತ್ತವೆ. 2024-25ನೆಯ ಶೈಕ್ಷಣಿಕ ವರ್ಷದ ಮಳೆಗಾಲದಲ್ಲಿ ಬೆಳ್ತಂಗಡಿ ತಾಲ್ಲೂಕಿನ ನೆರಿಯದ ಒಂಬತ್ತನೆಯ ತರಗತಿಯ ವಿದ್ಯಾರ್ಥಿನಿಯೊಬ್ಬಳು ಬರೆದ ಪುಟಗಳೂ ಮೊದಲು ಅದೇ ದಾರಿಯಲ್ಲಿ ಹೊರಟಿದ್ದವು. ಕೊಟ್ಟ ವಿಷಯ ‘ನಾನು ಮತ್ತು ನನ್ನ ಮನೆ’. ಹನ್ನೆರಡು ಪುಟ ಬರೆಯಬೇಕು. ಬರೆದುದನ್ನು ತರಗತಿಯ ಎದುರು ನಿಂತು ಎಂಟು ನಿಮಿಷ ಮಂಡಿಸಬೇಕು. ಬರವಣಿಗೆಗೆ ಅರ್ಧ ಅಂಕ, ಮಂಡನೆಗೆ ಅರ್ಧ.

ನೆರಿಯವು ಚಾರ್ಮಾಡಿ ಘಟ್ಟದ ಬುಡದಲ್ಲಿರುವ ಹಳ್ಳಿ. ಬೆಟ್ಟದಿಂದಿಳಿದು ಬರುವ ನೆರಿಯ ಹೊಳೆ ಮುಂದೆ ನೇತ್ರಾವತಿಯನ್ನು ಸೇರುತ್ತದೆ. ಹೊಳೆಯ ಎರಡೂ ದಡಗಳಲ್ಲಿ ಅಡಕೆ ತೋಟಗಳು, ಮೇಲಿನ ಗುಡ್ಡಗಳಲ್ಲಿ ರಬ್ಬರ್. ಮಂಗಳೂರಿನಿಂದ ಹಾಸನದ ಕಡೆಗೆ ಇಂಧನ ಸಾಗಿಸುವ ಕೊಳವೆ ಮಾರ್ಗದ ಪಂಪಿಂಗ್ ಕೇಂದ್ರವೊಂದು ಇಲ್ಲಿರುವುದರಿಂದ ಹೊರಗಿನ ಎಂಜಿನಿಯರುಗಳಿಗೆ ಈ ಊರಿನ ಹೆಸರು ಗೊತ್ತು; ಸಾಹಿತ್ಯದವರಿಗೆ ಗೊತ್ತಿರಬೇಕಾದ ಕಾರಣ ಬೇರೆ. ತುಳು ಇಲ್ಲಿನ ಬಹುಜನರ ಮಾತು. ಕಳೆದ ಶತಮಾನದ ನಡುಭಾಗದಿಂದೀಚೆಗೆ ಕೇರಳದಿಂದ ಬಂದು ನೆಲೆಸಿದ ಕ್ರೈಸ್ತ ಕೃಷಿಕರ ಮನೆಗಳಲ್ಲಿ ಮಲಯಾಳ. ಅದರಾಚೆಗೆ ಬ್ಯಾರಿ, ಕೊಂಕಣಿ, ಚಿತ್ಪಾವನಿ, ಹವ್ಯಕ ಕನ್ನಡ, ಮಲೆಕುಡಿಯರ ತುಳು. ಇವೆಲ್ಲವೂ ಒಂದೇ ತರಗತಿಯ ಬೆಂಚುಗಳ ಮೇಲೆ ಕುಳಿತಿರುತ್ತವೆ. ಪಠ್ಯಪುಸ್ತಕದ ಕನ್ನಡವು ಅಲ್ಲಿ ಎಲ್ಲರಿಗೂ ಸೇರಿದ್ದು, ಆದರೆ ಮನೆಯಿಂದ ಅದನ್ನು ಹೊತ್ತುಕೊಂಡು ಬಂದವರು ಬೆರಳೆಣಿಕೆಯಷ್ಟು ಮಂದಿ. ಅಂಥ ತರಗತಿಯಲ್ಲಿ ‘ನಿನ್ನ ಮನೆಯ ಬಗ್ಗೆ ಕನ್ನಡದಲ್ಲಿ ಬರೆ’ ಎಂದಾಗ ಮಗು ಎರಡು ಕೆಲಸಗಳನ್ನು ಒಟ್ಟಿಗೆ ಮಾಡಬೇಕಾಗುತ್ತದೆ. ಬದುಕನ್ನು ಆಯ್ದುಕೊಳ್ಳುವುದು ಒಂದು. ಆ ಬದುಕು ನಡೆದ ಮಾತಿನಿಂದ ಇನ್ನೊಂದು ಮಾತಿಗೆ ಅದನ್ನು ದಾಟಿಸುವುದು ಇನ್ನೊಂದು. ಅಧ್ಯಾಪಕರ ಕೈಪಿಡಿಗಳು ಎರಡನೆಯದನ್ನು ಲೆಕ್ಕಕ್ಕೇ ಹಿಡಿಯುವುದಿಲ್ಲ.

ಹುಡುಗಿಯ ಮೊದಲ ಕರಡು ನಾಲ್ಕು ದಿನಗಳಲ್ಲಿ ಮುಗಿಯಿತು. ಅದರಲ್ಲಿ ಊರು ‘ಹಚ್ಚಹಸುರಿನ ಸುಂದರ ಹಳ್ಳಿ’ಯಾಗಿತ್ತು, ತಂದೆ ‘ಶ್ರಮಜೀವಿ’, ತಾಯಿ ‘ಮಮತೆಯ ಮೂರ್ತಿ’, ಅಜ್ಜಿ ‘ಕಥೆಗಳ ಕಣಜ’. ‘ಬಂಡಾಜೆ ಅರ್ಬಿ ಜಲಪಾತ’ದ ಒಂದು ಬಣ್ಣದ ಚಿತ್ರವನ್ನೂ ಅಂಟಿಸಲಾಗಿತ್ತು. ತುಳುವಿನಲ್ಲಿ ಅರ್ಬಿ ಎಂದರೇ ಜಲಪಾತ; ಹುಟ್ಟಿದಂದಿನಿಂದ ತುಳುವಾಡಿದ ಹುಡುಗಿ, ಫಲಕದ ಮೇಲಿನ ಕನ್ನಡವನ್ನು ನಂಬಿ, ಜಲಪಾತದ ಜಲಪಾತ ಎಂದು ಬರೆದಿದ್ದಳು. ಇಂಥ ಸಿದ್ಧ ಮಾತುಗಳನ್ನು ಕಂಡು ಮೂಗು ಮುರಿಯುವುದು ಸುಲಭ. ಆದರೆ ನಮ್ಮ ಪ್ರಾಚೀನ ಕವಿಗಳಿಗೂ ಅಷ್ಟಾದಶ ವರ್ಣನೆಗಳೆಂಬ ಸಿದ್ಧ ಚೌಕಟ್ಟಿತ್ತು. ಸಮುದ್ರ ಕಾಣದವನೂ ಸಮುದ್ರವನ್ನು ವರ್ಣಿಸಿದ, ಪುರವನ್ನೂ ಋತುಗಳನ್ನೂ ಚಂದ್ರೋದಯವನ್ನೂ ವರ್ಣಿಸಿದ. ಚೌಕಟ್ಟಿನೊಳಗೆ ಕವಿ ಎಲ್ಲಿ ಉಸಿರಾಡಿದ್ದಾನೆ ಎಂದು ಹುಡುಕುವುದು ವಿಮರ್ಶಕರ ಕೆಲಸ. ಈ ಹುಡುಗಿಯ ಮೊದಲ ಕರಡಿನಲ್ಲಿ ಹಾಗೆ ಹುಡುಕಿದರೆ ಸಿಗುವುದು ಒಂದೇ ವಾಕ್ಯ, ಏಳನೆಯ ಪುಟದ ಕೆಳಗೆ: ಮಳೆಗಾಲದಲ್ಲಿ ಅಜ್ಜಿ ಕಿಟಕಿಯ ಹತ್ತಿರ ಮಲಗುತ್ತಾರೆ.

ಕನ್ನಡ ಅಧ್ಯಾಪಕಿ ಕರಡನ್ನು ಹಿಂದಿರುಗಿಸಿದರು. ‘ನಕಲು’ ಎಂದು ಬರೆಯಲಿಲ್ಲ. ಮೊದಲ ಪುಟದ ಅಂಚಿನಲ್ಲಿ ಕೆಂಪು ಶಾಯಿಯಲ್ಲಿ ಒಂದು ಪ್ರಶ್ನೆ ಮಾತ್ರ ಇತ್ತು: ‘ನಿಮ್ಮ ಮನೆಯಲ್ಲಿ ಬೆಳಿಗ್ಗೆ ಮೊದಲು ಏಳುವವರು ಯಾರು?’

ಉತ್ತರಿಸಲು ಅರ್ಧ ನಿಮಿಷ ಸಾಕೆನ್ನಿಸುವ ಪ್ರಶ್ನೆ. ಹುಡುಗಿಗೆ ಒಂದು ವಾರ ಹಿಡಿಯಿತು. ಅಪ್ಪ ನಾಲ್ಕಕ್ಕೆ ಏಳುತ್ತಾರೆ. ತಲೆಗೆ ಟಾರ್ಚ್ ಕಟ್ಟಿಕೊಂಡು ಬೇರೆಯವರ ರಬ್ಬರ್ ತೋಟಕ್ಕೆ ಟ್ಯಾಪಿಂಗಿಗೆ ಹೋಗುತ್ತಾರೆ. ಬಿಸಿಲೇರುವ ಮೊದಲು ತೊಗಟೆ ಗೀರಿದರೆ ಹಾಲು ಚೆನ್ನಾಗಿ ಇಳಿಯುತ್ತದೆ. ಹಾಗಾದರೆ ಮೊದಲು ಏಳುವವರು ಅಪ್ಪ. ಆದರೆ ಅಪ್ಪ ಹೊರಡುವ ಹೊತ್ತಿಗೆ ಚಹಾ ಸಿದ್ಧವಾಗಿರುತ್ತದೆ. ಅಂದರೆ ಅಮ್ಮ ಅದಕ್ಕೂ ಮೊದಲು ಎದ್ದಿದ್ದಾರೆ. ಅಮ್ಮನನ್ನು ಕೇಳಿದಾಗ ಅವರು ನಕ್ಕು, ತಾನು ಎದ್ದು ದೀಪ ಹಾಕುವಾಗ ಅಜ್ಜಿ ಕಣ್ಣು ಬಿಟ್ಟುಕೊಂಡೇ ಇರುತ್ತಾರೆ ಎಂದರು. ಅಜ್ಜಿಯನ್ನು ಕೇಳಿದರೆ ಅವರು ಹೇಳಿದ್ದು ಬೇರೆಯೇ ಮಾತು: ‘ಮಳೆ ಬರುವ ರಾತ್ರಿ ಏಳುವುದೆಂಬುದು ಎಲ್ಲಿ, ಮಲಗಿದರೆ ತಾನೇ ಮಗಾ.’

ಹೊಸ ಬರಹ ಇಲ್ಲಿಂದ ಆರಂಭವಾಯಿತು. ಹುಡುಗಿ ಯಾರನ್ನೂ ವರ್ಣಿಸಲು ಹೋಗಲಿಲ್ಲ. ಮನೆಯ ಒಂದು ದಿನವನ್ನು ಗಂಟೆಗಂಟೆಯಾಗಿ ಬರೆಯತೊಡಗಿದಳು. ಅಪ್ಪನ ರಬ್ಬರ್ ಕತ್ತಿ, ಮರಕ್ಕೆ ಕಟ್ಟಿದ ಗೆರಟೆ, ಮಳೆಗಾಲದಲ್ಲಿ ಗಾಯದ ಮೇಲೆ ಸುತ್ತುವ ಪ್ಲಾಸ್ಟಿಕ್ಕು, ಹಾಲಿಗೆ ಆಸಿಡ್ ಹಾಕಿ ಹೆಪ್ಪುಗಟ್ಟಿಸಿ ಶೀಟು ಮಾಡುವುದು, ಬಟ್ಟೆಗೆ ಹತ್ತಿದರೆ ಬಿಡದ ಅದರ ವಾಸನೆ. ಅಮ್ಮನದು ಬೀಡಿ. ರಾತ್ರಿ ನೆನೆಸಿ ಬಟ್ಟೆಯಲ್ಲಿ ಸುತ್ತಿಟ್ಟ ಎಲೆಯನ್ನು ಬೆಳಿಗ್ಗೆ ಅಳತೆಗೆ ಕತ್ತರಿಸಿ, ತೊಡೆಯ ಮೇಲೆ ತಡ್ಪೆ ಇಟ್ಟುಕೊಂಡು, ಹೊಗೆಸೊಪ್ಪಿನ ಪುಡಿ ತುಂಬಿ, ಸುತ್ತಿ, ತುದಿ ಮಡಚಿ, ನೂಲು ಕಟ್ಟಿ, ಇಪ್ಪತ್ತೈದಕ್ಕೆ ಒಂದು ಕಟ್ಟು. ಈ ಪುಟಗಳಲ್ಲಿ ‘ಶ್ರಮ’ ಎಂಬ ಪದ ಒಮ್ಮೆಯೂ ಬರುವುದಿಲ್ಲ.

ದಕ್ಷಿಣ ಕನ್ನಡದ ಲಕ್ಷಾಂತರ ಮನೆಗಳ ಮಕ್ಕಳ ಶುಲ್ಕ, ಪುಸ್ತಕ, ಮದುವೆ, ಔಷಧಗಳು ಇದೇ ತಡ್ಪೆಯಿಂದ ಬಂದಿವೆ. ಬೀಡಿ ಕಾರ್ಮಿಕರಿಗಾಗಿ 1966ರಲ್ಲಿ ಒಂದು ಕಾಯಿದೆಯೂ 1976ರಲ್ಲಿ ಕಲ್ಯಾಣ ನಿಧಿಯ ಕಾಯಿದೆಯೂ ಬಂದವು. ಆ ನಿಧಿಯಿಂದ ಮಕ್ಕಳಿಗೆ ವಿದ್ಯಾರ್ಥಿವೇತನವೂ ಉಂಟು. ಹೀಗಿದ್ದೂ ಶಾಲೆಯ ಅರ್ಜಿಗಳಲ್ಲಿ ‘ತಂದೆಯ ಉದ್ಯೋಗ’ ಎಂಬಲ್ಲಿ ಹುಡುಗಿ ಐದನೆಯ ತರಗತಿಯಿಂದ ‘ಕೃಷಿ’ ಎಂದೂ, ‘ತಾಯಿಯ ಉದ್ಯೋಗ’ ಎಂಬಲ್ಲಿ ‘ಗೃಹಿಣಿ’ ಎಂದೂ ತುಂಬುತ್ತ ಬಂದಿದ್ದಳು. ಯಾರೂ ಹಾಗೆ ಬರೆಯಲು ಹೇಳಿರಲಿಲ್ಲ. ಪಕ್ಕದಲ್ಲಿ ಕುಳಿತವಳು ಬರೆದುದನ್ನು ನೋಡಿ ಬರೆದದ್ದು.

ಇಲ್ಲಿ ರನ್ನನನ್ನು ನೆನೆಯದಿರುವುದು ಸಾಧ್ಯವಿಲ್ಲ. 993ರಲ್ಲಿ ಅತ್ತಿಮಬ್ಬೆಯ ಆಶ್ರಯದಲ್ಲಿ ರಚಿತವಾದ ಅಜಿತಪುರಾಣದಲ್ಲಿ ಕವಿಚಕ್ರವರ್ತಿಯೆನಿಸಿದ ರನ್ನನು ತನ್ನ ಮನೆಯ ಪರಿಚಯ ಕೊಡುತ್ತಾನೆ: ಊರು ಮುದುವೊಳಲು, ತಂದೆ ಜಿನವಲ್ಲಭೇಂದ್ರ, ತಾಯಿ ಅಬ್ಬಲಬ್ಬೆ, ಅಣ್ಣಂದಿರು, ಇಬ್ಬರು ಹೆಂಡಿರು, ರಾಯನೆಂಬ ಮಗ, ಅತ್ತಿಮಬ್ಬೆಯೆಂಬ ಮಗಳು. ತಾನು ಬಳೆಗಾರರ ಕುಲದವನೆಂಬುದನ್ನೂ ಅವನು ಮರೆಮಾಚುವುದಿಲ್ಲ. ಮಕ್ಕಳಿಗೆ ಆಶ್ರಯದಾತರಾದ ಚಾವುಂಡರಾಯ ಮತ್ತು ಅತ್ತಿಮಬ್ಬೆಯರ ಹೆಸರನ್ನಿಟ್ಟವನು, ತನಗಾಗಿ ಬಳೆಯ ಮಲಾರವನ್ನು ಉಳಿಸಿಕೊಂಡ. ಚಕ್ರವರ್ತಿಗಳ ಆಸ್ಥಾನವನ್ನು ಕಂಡ ಮೇಲೆ ಇದನ್ನು ಹೇಳುವುದು ಅವನಿಗೆ ಸುಲಭವಾಗಿತ್ತೆಂದು ವಾದಿಸಬಹುದು. ಗೆದ್ದವನಿಗೆ ಹಿಂದಿನ ಬಡತನವೂ ಒಂದು ಆಭರಣ. ಆ ವಾದದಲ್ಲಿ ಹುರುಳಿಲ್ಲದಿಲ್ಲ. ಹದಿನಾಲ್ಕು ವರ್ಷದವಳು ಏನನ್ನೂ ಗೆಲ್ಲುವ ಮೊದಲೇ ‘ನನ್ನ ಅಮ್ಮ ಬೀಡಿ ಕಟ್ಟುತ್ತಾರೆ’ ಎಂದು ಬರೆಯಬೇಕಾಗಿತ್ತು. ಅವಳು ಬರೆದಳು; ಅದಕ್ಕೆ ಮೊದಲು ಅಮ್ಮನನ್ನು ಕೇಳಿದಳು. ‘ಬರೆಯುವುದಾದರೆ ಸರಿಯಾಗಿ ಬರೆ, ದಿನಕ್ಕೆ ಎಂಟುನೂರು ಅಂತ ಬರೆ’ ಎಂಬುದು ಅಮ್ಮನ ಉತ್ತರ.

ಎರಡನೆಯ ಕರಡಿನಲ್ಲಿ ಅಧ್ಯಾಪಕಿ ಒಂದು ಕಡೆ ಕೆಂಪು ಗೆರೆ ಎಳೆದಿದ್ದರು. ವಾಕ್ಯ ಹೀಗಿತ್ತು: ‘ಇಲ್ಲ್ ಇಲ್ಲದ ಆ ಮೂರು ರಾತ್ರಿ ನಾವು ಶಾಲೆಯಲ್ಲಿ ಮಲಗಿದೆವು.’ ಘಟ್ಟದ ಮೇಲಿನಿಂದ ಬಂದ ಅಧ್ಯಾಪಕಿಗೆ ಅದು ಪದ ಎರಡು ಸಲ ಬಿದ್ದ ಕೈತಪ್ಪಿನಂತೆ ಕಂಡಿತ್ತು. ತುಳುವಿನಲ್ಲಿ ‘ಇಲ್ಲ್’ ಎಂದರೆ ಮನೆ. ತಮಿಳಿನ ‘ಇಲ್ಲಂ’ ಇದರ ದಾಯಾದಿ. ಕನ್ನಡದಲ್ಲಿ ಅದೇ ಧ್ವನಿ ಅಭಾವವನ್ನು ಹೇಳುತ್ತದೆ. ಹುಡುಗಿ ಶ್ಲೇಷವನ್ನು ಉದ್ದೇಶಿಸಿರಲಿಲ್ಲ. ‘ಮನೆ’ ಎಂದು ಬರೆದರೆ ಅದು ಪಠ್ಯದ ಮನೆಯಾಗುತ್ತದೆ, ತಮ್ಮದು ಹಾಗಿರಲಿಲ್ಲ ಎಂಬಷ್ಟೇ ಅವಳ ವಿವರಣೆ. ಅಧ್ಯಾಪಕಿ ಗೆರೆಯನ್ನು ಅಳಿಸಿದರು. ಅಡಿಯಲ್ಲಿ ಅರ್ಥ ಬರೆಯುವಂತೆ ಮಾತ್ರ ಸೂಚಿಸಿದರು. ಕೊನೆಯ ಪ್ರತಿಯಲ್ಲಿ ಅಂಥ ಹದಿನೇಳು ತುಳು ಪದಗಳಿಗೆ ಅಡಿಟಿಪ್ಪಣಿಗಳಿವೆ.

ಒಂದು ಬರಹದೊಳಗೆ ಒಂದಕ್ಕಿಂತ ಹೆಚ್ಚು ಭಾಷೆ ಬರುವುದು ಕನ್ನಡಕ್ಕೆ ಹೊಸತಲ್ಲ. ಪಂಪನ ತಮ್ಮ ಜಿನವಲ್ಲಭನು ಇಂದಿನ ತೆಲಂಗಾಣದ ಕರೀಂನಗರದ ಬಳಿಯ ಕುರಿಕ್ಯಾಲದ ಬಂಡೆಯ ಮೇಲೆ ಕೆತ್ತಿಸಿದ ಶಾಸನದಲ್ಲಿ ಸಂಸ್ಕೃತ, ಕನ್ನಡ, ತೆಲುಗುಗಳು ಮೂರೂ ಇವೆ. ಆ ಶಾಸನದಲ್ಲಿರುವುದೂ ಬಹುಮಟ್ಟಿಗೆ ಮನೆಯ ವೃತ್ತಾಂತವೇ: ತಾನು ಯಾರು, ತನ್ನ ಅಣ್ಣ ಯಾರು, ಅಣ್ಣನಿಗೆ ಅರಿಕೇಸರಿಯಿಂದ ದೊರೆತದ್ದೇನು. ಮೂಡುಬಿದಿರೆಯ ರತ್ನಾಕರವರ್ಣಿಯ ನಿದರ್ಶನ ಇನ್ನೂ ಹತ್ತಿರದ್ದು. ಹದಿನಾರನೆಯ ಶತಮಾನದಲ್ಲಿ ಭರತೇಶ ವೈಭವವನ್ನು ಸಾಂಗತ್ಯದಲ್ಲಿ ಹಾಡುವಾಗ ಕನ್ನಡಿಗರು, ತೆಲುಗರು, ತುಳುವರು ಮೂವರೂ ಕೇಳಿ ತಂತಮ್ಮ ಮಾತಿನಲ್ಲಿ ಮೆಚ್ಚುಗೆ ಸೂಸಬೇಕೆಂದು ಅವನು ಬಯಸುತ್ತಾನೆ. ಕನ್ನಡ ಕಾವ್ಯದೊಳಗೆ ತುಳುವಿನ ನುಡಿ ಅಲ್ಲಿ ಬರುವುದು ಕೇಳುಗನ ಬಾಯಲ್ಲಿ, ಉದ್ಗಾರವಾಗಿ. ಮೂಡುಬಿದಿರೆಯಿಂದ ಮೂಡಣಕ್ಕೆ, ಘಟ್ಟದ ಬುಡದ ಈ ಹಳ್ಳಿಯಲ್ಲಿ ಅದು ಬರೆಯುವವಳ ಕೈಯಲ್ಲಿ ಬಂದಿದೆ, ಅಡಿಟಿಪ್ಪಣಿಯೊಂದಿಗೆ. ಈ ವ್ಯತ್ಯಾಸ ಸಂಶೋಧಕರ ಗಮನಕ್ಕೆ ಅರ್ಹವಾದುದು. ತುಳುನಾಡಿನ ಕನ್ನಡ ಬರಹಗಾರರ ಗದ್ಯವನ್ನು ಅಭ್ಯಸಿಸುವವರು ಅಚ್ಚಾದ ಕೃತಿಗಳಿಗೆ ಸೀಮಿತರಾಗದೆ ಶಾಲೆಯ ಕಪಾಟುಗಳನ್ನೂ ಒಮ್ಮೆ ತೆರೆದು ನೋಡಬೇಕು.

ಆ ಮೂರು ರಾತ್ರಿಗಳು 2019ರವು. ಆಗಸ್ಟ್ 9ರಂದು ಚಾರ್ಮಾಡಿ ಘಟ್ಟದ ಉದ್ದಕ್ಕೂ ಗುಡ್ಡಗಳು ಜರಿದವು. ಹೊಳೆಗಳು ಮರದ ದಿಮ್ಮಿಗಳನ್ನು ಹೊತ್ತು ತಂದು ತೋಟಗಳಿಗೆ ನುಗ್ಗಿಸಿದವು. ಬೆಳ್ತಂಗಡಿ ತಾಲ್ಲೂಕಿನ ಪೂರ್ವದ ಹಳ್ಳಿಗಳಲ್ಲಿ ಮನೆ, ಸಂಕ, ಅಡಕೆ ತೋಟಗಳು ಹೋದವು. ಹುಡುಗಿ ಆಗ ನಾಲ್ಕನೆಯ ತರಗತಿಯಲ್ಲಿದ್ದಳು. ಮೊದಲ ಕರಡಿನಲ್ಲಿ ಇದಕ್ಕೆ ಇದ್ದದ್ದು ಒಂದು ಸಾಲು, ‘ಪ್ರಕೃತಿ ವಿಕೋಪದಿಂದ ಅಪಾರ ಹಾನಿ ಸಂಭವಿಸಿತು’ ಎಂದು. ಅದು ವರದಿಗಾರರ ಕನ್ನಡ. ಅದರಲ್ಲಿ ಯಾರ ಕಾಲೂ ಒದ್ದೆಯಾಗುವುದಿಲ್ಲ. ಅಜ್ಜಿಯ ಬಾಯಲ್ಲಿ ಅದು ‘ಬೊಳ್ಳ’. 1923ರ ಆಗಸ್ಟಿನಲ್ಲಿ ನೇತ್ರಾವತಿ ಉಕ್ಕಿ ಬಂಟ್ವಾಳ, ಪಾಣೆಮಂಗಳೂರುಗಳನ್ನು ಮುಳುಗಿಸಿದ ನೆರೆಯನ್ನು ತುಳುವರು ಇಂದಿಗೂ ‘ಮಾರಿ ಬೊಳ್ಳ’ ಎಂದೇ ಕರೆಯುತ್ತಾರೆ. 1974ರಲ್ಲಿ ಮತ್ತೊಂದು ಬಂತು. ಅಜ್ಜಿ ತಮ್ಮ ತಾಯಿಯಿಂದ ಮೊದಲನೆಯದನ್ನು ಕೇಳಿದವರು, ಎರಡನೆಯದನ್ನು ಕಂಡವರು, ಮೂರನೆಯದರಲ್ಲಿ ಮನೆ ಕಳೆದುಕೊಂಡವರು. ಅವರ ಎಣಿಕೆಯಲ್ಲಿ ಇವು ಮೂರೂ ಒಂದೇ ನೀರು. ‘ಅದು ಹೋಗಿರುವುದಿಲ್ಲ, ಮೇಲೆ ಕುಳಿತಿರುತ್ತದೆ’ ಎಂದು ಅವರು ಹೇಳಿದ್ದನ್ನು ಹುಡುಗಿ ತುಳುವಿನಲ್ಲಿ ಕೇಳಿ ಕನ್ನಡದಲ್ಲಿ ಬರೆದಿದ್ದಾಳೆ. ಕಿಟಕಿಯ ಹತ್ತಿರ ಮಲಗುವುದರ ಕಾರಣ ಹೀಗೆ ಎಂಟನೆಯ ಪುಟದಲ್ಲಿ ತಿಳಿಯುತ್ತದೆ.

ಮಂಡನೆಗೆ ಏನಾದರೂ ‘ಮಾದರಿ’ ತರಬೇಕೆಂಬ ನಿಯಮವಿತ್ತು. ಉಳಿದವರು ಥರ್ಮೋಕೋಲಿನ ಮನೆ, ಚಾರ್ಟು, ಹಳೆಯ ಫೋಟೋಗಳನ್ನು ಸಿದ್ಧಪಡಿಸುತ್ತಿದ್ದರು. ಈ ಮನೆಯ ಹಳೆಯ ಫೋಟೋಗಳು ಬೊಳ್ಳದಲ್ಲಿ ಹೋಗಿದ್ದವು. ಹುಡುಕಾಟದಲ್ಲಿ ಸಿಕ್ಕಿದ್ದು ಅಮ್ಮನ ಹಳೆಯ ಬೀಡಿ ಪುಸ್ತಕ. ಕೊಟ್ಟ ಎಲೆ ಎಷ್ಟು, ಪುಡಿ ಎಷ್ಟು, ಕಟ್ಟಿ ತಂದ ಬೀಡಿ ಎಷ್ಟು, ತಿರಸ್ಕರಿಸಿದ್ದು ಎಷ್ಟು, ಕೂಲಿ ಎಷ್ಟು ಎಂದು ಬ್ರಾಂಚಿನಲ್ಲಿ ದಿನಾಂಕ ಹಾಕಿ ಬರೆದುಕೊಡುವ ಪುಸ್ತಕ. ಪ್ಲಾಸ್ಟಿಕ್ ತೊಟ್ಟೆಯಲ್ಲಿ ಸುತ್ತಿ ಅಟ್ಟದ ಜಂತಿಗೆ ಸಿಕ್ಕಿಸಿಟ್ಟಿದ್ದುದರಿಂದ ಅದು ಉಳಿದಿತ್ತು. ಅಂದು ಮನೆ ಬಿಡುವಾಗ ಅಮ್ಮ ಕೈಗೆತ್ತಿಕೊಂಡದ್ದು ಪಡಿತರ ಚೀಟಿ, ಮಕ್ಕಳ ಶಾಲೆಯ ಚೀಲ ಮತ್ತು ಅದು.

ಪುಟಗಳನ್ನು ತಿರುವುತ್ತ ಹುಡುಗಿ 2019ರ ಆಗಸ್ಟಿಗೆ ಬಂದಳು. 7ನೆಯ ತಾರೀಖಿನ ವರೆಗೆ ಅಂಕೆಗಳಿವೆ. ಆಮೇಲೆ ಏನೂ ಇಲ್ಲ. ಮುಂದಿನ ನಮೂದು ಆ ತಿಂಗಳು 26ರದು, ಮುನ್ನೂರು ಬೀಡಿ. ನಡುವೆ ಯಾರೂ ‘ನೆರೆ’ ಎಂದಾಗಲಿ ‘ರಜೆ’ ಎಂದಾಗಲಿ ಬರೆದಿಲ್ಲ. ಪುಸ್ತಕದಲ್ಲಿ ಆ ಹದಿನೆಂಟು ದಿನಗಳಿಗೆ ಒಂದು ಖಾಲಿ ಸಾಲೂ ಇಲ್ಲ, 7ರ ಕೆಳಗಿನ ಗೆರೆಯಲ್ಲೇ 26 ಇದೆ. ಶಾಸನಶಾಸ್ತ್ರದಲ್ಲಿ ಕಲ್ಲು ಒಡೆದು ಅಕ್ಷರ ಹೋದ ಕಡೆ ಸಂಪಾದಕರು ಚುಕ್ಕಿಗಳನ್ನು ಹಾಕಿ ತೋರಿಸುತ್ತಾರೆ. ಇಲ್ಲಿ ಅಂಥ ಚುಕ್ಕಿಗಳೂ ಇರಲಿಲ್ಲ. ತಾನು ಆ ದಿನಗಳನ್ನು ಬದುಕಿದ್ದರಿಂದ ಮಾತ್ರ ಅವಳಿಗೆ ಆ ಎರಡು ಗೆರೆಗಳ ನಡುವಿನ ಅಂತರ ಕಂಡಿತು. ಬರಹದ ಒಂಬತ್ತು ಮತ್ತು ಹತ್ತನೆಯ ಪುಟಗಳು ಈ ಎರಡು ಅಂಕೆಗಳ ನಡುವೆ ನಿಂತಿವೆ: ಶಾಲೆಯ ಕೋಣೆಯಲ್ಲಿ ಹಾಸಿದ ಜಮಖಾನೆ, ಯಾರೋ ತಂದ ಬಿಸ್ಕತ್ತಿನ ಪೆಟ್ಟಿಗೆ, ಆಮೇಲೆ ಚಿಕ್ಕಮ್ಮನ ಮನೆಯ ಚಾವಡಿ, ಕೆಸರಿನಲ್ಲಿ ಮಲಗಿದ್ದ ಅಡಕೆ ಮರಗಳನ್ನು ಅಪ್ಪ ಬೆರಳು ಮಡಚಿ ಎಣಿಸಿದ್ದು, ಎಣಿಕೆಯನ್ನು ಅರ್ಧಕ್ಕೆ ನಿಲ್ಲಿಸಿದ್ದು. ಅಮ್ಮ ಮೊದಲ ಬಾರಿಗೆ ಮತ್ತೆ ತಡ್ಪೆ ಹಿಡಿದಾಗ ಬೆರಳಿಗೆ ಅಳತೆ ತಪ್ಪಿ ಐವತ್ತು ಬೀಡಿ ತಿರಸ್ಕೃತವಾದದ್ದೂ ಇದೆ. ಅದು ಪುಸ್ತಕದಲ್ಲಿ ನಮೂದಾಗಿದೆ. ಈ ಎರಡು ಪುಟಗಳು ಇಡೀ ಬರಹದಲ್ಲಿ ಅತ್ಯುತ್ತಮವಾದವು. ವ್ಯಾಕರಣದ ತಪ್ಪುಗಳೂ ಇಲ್ಲಿಯೇ ಹೆಚ್ಚು.

ಹನ್ನೊಂದನೆಯ ಪುಟ ಅಣ್ಣನದು. ನೆರೆ ಬಂದ ವರ್ಷ ಅವನು ಪಿ.ಯು.ಸಿ. ಮೊದಲ ವರ್ಷದಲ್ಲಿದ್ದ. ಮರುವರ್ಷ ಕಾಲೇಜಿಗೆ ಹೋಗಲಿಲ್ಲ. ಬೆಂಗಳೂರಿನ ಒಂದು ಬೇಕರಿಯಲ್ಲಿ ಕೆಲಸಕ್ಕೆ ಸೇರಿದ. ನೆಂಟರಿಷ್ಟರಲ್ಲಿ ಮನೆಯವರು ಹೇಳುವುದು, ಅವನಿಗೆ ಓದಿನಲ್ಲಿ ಮನಸ್ಸಿರಲಿಲ್ಲ ಎಂದು. ಅದು ಸುಳ್ಳೆಂಬುದು ಹುಡುಗಿಗೆ ಗೊತ್ತು. ಅವನ ಅಂಕಪಟ್ಟಿಯನ್ನು ಅವಳು ನೋಡಿದ್ದಾಳೆ. ತೋಟ ಹೋದ ಮೇಲೆ ಇಬ್ಬರಲ್ಲಿ ಒಬ್ಬರು ಮಾತ್ರ ಓದಬಹುದಾಗಿತ್ತು. ಈ ಪುಟವನ್ನು ಬರೆದ ಮೇಲೆ ಅವಳು ಅಣ್ಣನಿಗೆ ಫೋನು ಮಾಡಿ ಓದಿ ಹೇಳಿದಳು. ಆ ಕಡೆ ಸ್ವಲ್ಪ ಹೊತ್ತು ಒಲೆಯ ಸದ್ದು ಮಾತ್ರ ಇತ್ತಂತೆ. ಬಳಿಕ ಅವನು, ‘ಟೀಚರಿಗೆ ಕೊಡು. ಕ್ಲಾಸಿನಲ್ಲಿ ಓದಬೇಡ ಮಾರಾಯ್ತಿ’ ಎಂದ.

ವೈಯಕ್ತಿಕ ಬರವಣಿಗೆಯನ್ನೂ ಮಂಡನೆಯನ್ನೂ ಒಂದೇ ಯೋಜನೆಯಾಗಿ ಕಟ್ಟುವವರು ಯೋಚಿಸಬೇಕಾದ ಪ್ರಶ್ನೆ ಇದು. ಬರೆದುದೆಲ್ಲ ಮಂಡನೆಗೆ ಯೋಗ್ಯವೆಂಬ ಊಹೆ ಅದರ ಹಿಂದಿದೆ. 1641ರಲ್ಲಿ ಆಗ್ರಾದ ಜೈನ ವ್ಯಾಪಾರಿ ಬನಾರಸಿದಾಸನು ತನ್ನ ಐವತ್ತೈದರ ವಯಸ್ಸಿನಲ್ಲಿ ‘ಅರ್ಧಕಥಾನಕ’ವನ್ನು ಬರೆದ. ಭಾರತೀಯ ದೇಶಭಾಷೆಗಳಲ್ಲಿ ಮೊದಲ ಆತ್ಮಕಥೆಯೆಂದು ವಿದ್ವಾಂಸರು ಪರಿಗಣಿಸುವ ಈ ಕೃತಿಯಲ್ಲಿ 675 ಪದ್ಯಗಳಿವೆ. ಮನುಷ್ಯನ ಪೂರ್ಣಾಯುಸ್ಸು 110 ವರ್ಷವೆಂದು ಎಣಿಸಿದ್ದರಿಂದ ಇದು ಅರ್ಧ ಕಥೆ. ವ್ಯಾಪಾರದಲ್ಲಿ ಸೋತದ್ದು, ಯೌವನದಲ್ಲಿ ಶೃಂಗಾರದ ಗ್ರಂಥ ಬರೆದು ಆಮೇಲೆ ಅದನ್ನು ಗೋಮತಿ ನದಿಗೆ ಎಸೆದದ್ದು, ಒಂಬತ್ತು ಮಕ್ಕಳೂ ತೀರಿಕೊಂಡದ್ದು ಎಲ್ಲವೂ ಅದರಲ್ಲಿದೆ. ಇಷ್ಟು ಬಿಚ್ಚುಮನಸ್ಸಿನವನು ಅದೇ ಕೃತಿಯಲ್ಲಿ, ಹೇಳಬಾರದ ಒಂಬತ್ತು ಸಂಗತಿಗಳಿವೆಯೆಂಬ ಹಳೆಯ ನೀತಿಯನ್ನೂ ನೆನೆಯುತ್ತಾನೆ. ಆಯುಸ್ಸು, ಹಣ, ಮನೆಯೊಳಗಿನ ಸಂಗತಿ, ದಾನ, ಮಾನ, ಅಪಮಾನಗಳು ಆ ಪಟ್ಟಿಯಲ್ಲಿ ಬರುತ್ತವೆ. ‘ನಾನು ಮತ್ತು ನನ್ನ ಮನೆ’ ಎಂಬ ವಿಷಯ ಕೊಟ್ಟ ಕೂಡಲೇ ಮಗು ಇವುಗಳಲ್ಲಿ ಕನಿಷ್ಠ ನಾಲ್ಕನ್ನು ಮುಟ್ಟಲೇಬೇಕಾಗುತ್ತದೆ. ಬನಾರಸಿದಾಸನು ಹೇಳಿದ್ದು ಬಹುಮಟ್ಟಿಗೆ ತನ್ನದನ್ನು. ಹುಡುಗಿಯ ಹನ್ನೊಂದನೆಯ ಪುಟದಲ್ಲಿದ್ದುದು ಇನ್ನೊಬ್ಬನದು. ಒಬ್ಬ ಓದುಗಳ ಮುಂದೆ ಅದನ್ನು ಇಡಲು ಅಣ್ಣ ಒಪ್ಪಿದ, ನಲವತ್ತು ಮಂದಿಯ ಮುಂದೆ ಒಪ್ಪಲಿಲ್ಲ. ಈ ವಿವೇಕ ಬೇಕರಿಯ ಒಲೆಯ ಮುಂದೆ ನಿಂತ ಯುವಕನಿಗಿತ್ತು, ಅಂಕ ಹಂಚುವ ನಮೂನೆಗೆ ಇರಲಿಲ್ಲ. ‘ಬರಹದ ಎಲ್ಲ ಅಂಶಗಳೂ ಮಂಡನೆಯಲ್ಲಿ ಒಳಗೊಂಡಿವೆ’ ಎಂಬುದಕ್ಕೆ ಅಲ್ಲಿ ಎರಡು ಅಂಕಗಳಿದ್ದವು.

ಮಂಡನೆಯ ದಿನ ಹುಡುಗಿಗಿಂತ ಮೊದಲು ಐದು ಮಂದಿ ಮಾತಾಡಿದರು. ಮಲಯಾಳ ಮನೆಮಾತಿನ ಒಬ್ಬ ಹುಡುಗ ಅಜ್ಜ ಕಾಡು ಕಡಿದು ಮರಗೆಣಸು ನೆಟ್ಟ ಕಥೆಯನ್ನು ಲವಲವಿಕೆಯಿಂದ ಹೇಳಿದ. ಉಳಿದವರದು ಹಚ್ಚಹಸುರಿನ ಸುಂದರ ಹಳ್ಳಿಗಳು. ಇವಳ ಸರದಿ ಬಂದಾಗ ಹಾಳೆ ಹಿಡಿದ ಕೈ ನಡುಗುತ್ತಿತ್ತು. ಮೊದಲ ಎರಡು ನಿಮಿಷ ಓದಿದ್ದು ಹಿಂದಿನ ಬೆಂಚಿಗೆ ಕೇಳಿಸಲಿಲ್ಲ. ‘ಅಮ್ಮ ದಿನಕ್ಕೆ ಎಂಟುನೂರು ಬೀಡಿ ಕಟ್ಟುತ್ತಾರೆ’ ಎಂದಾಗ ಎಲ್ಲಿಯೋ ಒಬ್ಬರು ನಕ್ಕರು. ಆಗ ಮೂರನೆಯ ಬೆಂಚಿನಿಂದ ಒಬ್ಬಳು, ‘ನನ್ನ ಅಮ್ಮ ಒಂದು ಸಾವಿರ’ ಎಂದಳು, ಪಂದ್ಯದ ಧ್ವನಿಯಲ್ಲಿ. ಇನ್ನೊಬ್ಬ ತನ್ನ ಅಜ್ಜಿಯ ಲೆಕ್ಕ ಹೇಳಿದ. ತರಗತಿಯಲ್ಲಿ ಗದ್ದಲವೆದ್ದಿತು, ಅಧ್ಯಾಪಕಿ ಅದನ್ನು ತಡೆಯಲು ಅವಸರ ಮಾಡಲಿಲ್ಲ. ಆ ಗದ್ದಲದಲ್ಲಿ ಹುಡುಗಿಯ ನಡುಕ ನಿಂತಿತು. ಆಮೇಲೆ ಅವಳು ಹಾಳೆ ನೋಡದೆ ಮಾತಾಡಿದಳು. ಬೀಡಿ ಪುಸ್ತಕವನ್ನು ತೆರೆದು ಎತ್ತಿ ಹಿಡಿದು, 7 ಮತ್ತು 26 ಎಂಬ ಎರಡು ಅಂಕೆಗಳ ಮೇಲೆ ಬೆರಳಿಟ್ಟು ತೋರಿಸಿದಳು. ಅಲ್ಲಿಂದ ನೇರವಾಗಿ ಹನ್ನೆರಡನೆಯ ಪುಟಕ್ಕೆ, ಹೊಸ ಮನೆಯ ಕಿಟಕಿಗೆ ಬಂದಳು. ನಡುವಿನ ಒಂದು ಪುಟ ಜಿಗಿದದ್ದು ಅಧ್ಯಾಪಕಿಗೆ ಮಾತ್ರ ತಿಳಿಯಿತು. ಮಂಡನೆ ಆರೂವರೆ ನಿಮಿಷಕ್ಕೆ ಮುಗಿಯಿತು.

ಪ್ರಶ್ನೆಗಳ ಸಮಯದಲ್ಲಿ ನಕ್ಕವನೇ ಎದ್ದು ನಿಂತು, ಆ ಹದಿನೆಂಟು ದಿನಗಳ ಕೂಲಿ ಸಿಕ್ಕಿತೇ ಎಂದು ಕೇಳಿದ. ಹುಡುಗಿಗೆ ಉತ್ತರ ಗೊತ್ತಿರಲಿಲ್ಲ. ಮನೆಯಲ್ಲಿ ಕೇಳಿ ಬರುವುದಾಗಿ ಹೇಳಿ ಕುಳಿತಳು.

ಅವಧಿ ಕಡಮೆಯಾದುದಕ್ಕೆ ಒಂದು ಅಂಕ ಹೋಯಿತು. ‘ಎಲ್ಲ ಅಂಶಗಳೂ ಒಳಗೊಂಡಿವೆ’ ಎಂಬಲ್ಲಿ ಅಧ್ಯಾಪಕಿ ಎರಡಕ್ಕೆ ಎರಡನ್ನೂ ಕೊಟ್ಟರು. ಕಡತ ಶಾಲೆಯಲ್ಲಿ ಉಳಿಯಬೇಕೆಂಬ ನಿಯಮವಿದ್ದರೂ ಹನ್ನೊಂದನೆಯ ಹಾಳೆಯನ್ನು ಬಿಡಿಸಿ ಅವಳ ಕೈಗೆ ಕೊಟ್ಟು, ಆ ಸ್ಥಾನದಲ್ಲಿ ಒಂದು ಬಿಳಿ ಹಾಳೆ ಇಟ್ಟು ಪುಟಸಂಖ್ಯೆಯನ್ನು ತಾವೇ ಬರೆದರು. ಮನೆಗೆ ಹೋದವಳು ಚೀಲ ಇಳಿಸುವ ಮೊದಲು ಅಮ್ಮನನ್ನು ಕೂಲಿಯ ಬಗ್ಗೆ ಕೇಳಿದಳು. ಅಮ್ಮ ಎಲೆ ಕತ್ತರಿಸುತ್ತಿದ್ದರು. ಕಟ್ಟದ ಬೀಡಿಗೆ ಕೂಲಿ ಎಲ್ಲಿಂದ ಎಂದು ಹೇಳಿ, ಆ ಹಳೆಯ ಪುಸ್ತಕವನ್ನು ತೊಟ್ಟೆಯಲ್ಲಿ ಸುತ್ತಿ ಮೇಲಕ್ಕೆ ಇಡುವಂತೆ ತಿಳಿಸಿದರು. ಅಜ್ಜಿ ಕಿಟಕಿಯ ಬಳಿಯ ಹಾಸಿಗೆಯಲ್ಲಿ ಕುಳಿತು, ಶಾಲೆಯಲ್ಲಿ ತಮ್ಮ ಬಗ್ಗೆ ಏನೇನು ಓದಿದೆ, ಎಲ್ಲವನ್ನೂ ಇನ್ನೊಮ್ಮೆ ಓದು, ಆದರೆ ತುಳುವಿನಲ್ಲಿ ಓದು ಎಂದರು.